ಹುಲ್ಲು ಕೊಯ್ಯುವ ಮಷೀನಿಗೆ ಗಿರಾಕಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಡಾಕ್ಟರು, ಮಾಸ್ತರು ಆದವರು ಮಾತಾಡಿದ ಮೇಲೆ ಹುಲ್ಲು ಕೊಯ್ಯುವವನನ್ನು ಕರೆದಿದ್ದೀರಿ. ಕೊಲ್ಲಾಪುರ, ಇಚಲಕರಂಜಿ ಕಡೆ ದುಡಿಯಲು ಹೊರಟ ಹುಡುಗರು ನನ್ನನ್ನು ಕೇಳುವುದು ಒಂದೇ: "ಅಣ್ಣಾ, ಸಾಲ ಮಾಡಿ ಮಷೀನು ತರಬಹುದು, ಗಿರಾಕಿ ಎಲ್ಲಿಂದ ತರೂದು?" ಅದನ್ನಷ್ಟೇ ಹೇಳುತ್ತೇನೆ.

ಬೋರ್ಡು ಬರೆಸಿದರೆ ಗಿರಾಕಿ ಬರುವುದಿಲ್ಲ. ಮುಂಜಾನೆ ಹಾಲಿನ ಡೇರಿಯ ಮುಂದೆ ನಿಲ್ಲಿರಿ. ಕ್ಯಾನು ಹಿಡಿದು ಬರುವವರ ಮನೆಯಲ್ಲಿ ದನ ಇವೆ, ಮೇವಿನ ಚಿಂತೆ ಇದೆ, ಬಟವಡೆಯ ದಿನ ಕೈಯಲ್ಲಿ ರೊಕ್ಕವೂ ಇರುತ್ತದೆ. ಕಬ್ಬಿನವರ ಹೊಲ ದೊಡ್ಡದು, ಆದರೆ ಅವರ ರೊಕ್ಕ ಕಾರ್ಖಾನೆಯಲ್ಲಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲಿನ ದಾರಿ ಕಾಯುವುದು ಎಂಥದ್ದೆಂದು ಇಲ್ಲಿನ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಅವರ ಕೆಲಸ ಬಿಡಬೇಡಿ. ಪೆಟ್ರೋಲಿನ ರೊಕ್ಕ ಮೊದಲು ಇಸಿದುಕೊಂಡು ಉಳಿದದ್ದನ್ನು ಉದ್ರಿ ಬರೆಯಿರಿ.

ಮೊದಲ ಕೆಲಸ ದಾರಿಯ ಪಕ್ಕದ ಹೊಲದಲ್ಲೇ ಹಿಡಿಯಿರಿ. ಸಂತೆಗೆ ಹೋಗುವವರು ನಿಂತು ನೋಡುತ್ತಾರೆ. ಅವರು ಮೊದಲು ದರ ಕೇಳುವುದಿಲ್ಲ, "ಇದನ್ನ ದನ ತಿಂತಾವೇನು?" ಅಂತ ಕೇಳುತ್ತಾರೆ. ಪ್ಲಾಸ್ಟಿಕ್ ದಾರ ಹಾಕಿ ಹೊಡೆದರೆ ಹುಲ್ಲು ಚೂರುಚೂರಾಗಿ ಮಣ್ಣಿನಲ್ಲಿ ಕಲಸುತ್ತದೆ, ದನ ಮೂಸಿಯೂ ನೋಡುವುದಿಲ್ಲ. ಶಾಲೆಯ ಮೈದಾನಕ್ಕೆ, ಗುಡಿಯ ಅಂಗಳಕ್ಕೆ ದಾರ ಸರಿ. ಮೇವಿಗೆ ಬ್ಲೇಡೇ ಬೇಕು. ಹುಲ್ಲು ಒಂದೇ ಕಡೆ ಸಾಲಾಗಿ ಬೀಳಬೇಕು, ಬಾಚಿ ಹೊರೆ ಕಟ್ಟುವಂತಿರಬೇಕು. ಹೊರೆ ಹೊತ್ತ ಅಕ್ಕನೇ ಮುಂದಿನ ಗಿರಾಕಿಯನ್ನು ತರುತ್ತಾಳೆ. ಇನ್ನು, ಕಲ್ಲು ಸಿಡಿಯುತ್ತದೆ. 15 ಮೀಟರಿನೊಳಗೆ ಯಾರನ್ನೂ ಬಿಡಬಾರದು. ಕೂಸಿಗೆ ಕಲ್ಲು ಬಡಿದ ಊರಿಗೆ ಮತ್ತೆ ಮಷೀನು ಹೊತ್ತು ಹೋಗಲಾಗದು.

ಹುಕ್ಕೇರಿ ತಾಲೂಕಿನ ಸಂಕೇಶ್ವರದ ಕಡೆ ಮಳೆ ಹೆಚ್ಚು, ಮುಂಗಾರಿಗೇ ಹುಲ್ಲು ಏಳುತ್ತದೆ. ಮೂಡಲಗಿ ಕಡೆ ಮಳೆ ಕಡಿಮೆ; ಹಿಡಕಲ್ ಡ್ಯಾಮಿನ ನೀರು ಕಾಲುವೆಗೆ ಬಂದರೆ ಬದು ಹಸಿರಾಗುತ್ತದೆ. ನಡುವೆ ಗೋಕಾಕ. ಒಂದೇ ತಾಲೂಕು ನೆಚ್ಚಿ ಕುಳಿತರೆ ಅರ್ಧ ವರ್ಷ ಮಷೀನು ಮೂಲೆಯಲ್ಲಿ. ಕಾರ್ಖಾನೆ ಶುರುವಾದ ಮೇಲೆ ದನಗಳಿಗೆ ಕಬ್ಬಿನ ವಾಡಿ ಸಿಗುತ್ತದೆ, ಹುಲ್ಲಿಗೆ ಕರೆಯುವವರು ಕಡಿಮೆ. ಆಮೇಲೆ ಗೋದಿ ಕೊಯ್ಲು ಬರುತ್ತದೆ. ಅದಕ್ಕೆ ಹಲ್ಲಿನ ಬ್ಲೇಡು ಹಾಕಿಕೊಳ್ಳಿ.

ಒಂದು ಮಾತು ಉಳಿದಿದೆ. ಹೊಲವಿಲ್ಲದೆ, ಬೇರೆಯವರ ಬದುವಿನ ಹುಲ್ಲನ್ನು ಕುಡಗೋಲಿನಿಂದ ಕೊಯ್ದು ಎಮ್ಮೆ ಸಾಕಿದ ಅವ್ವಂದಿರು ಪ್ರತಿ ಊರಲ್ಲಿದ್ದಾರೆ. ಅವರ ಮಕ್ಕಳೂ ಇದೇ ಶಾಲೆಯಲ್ಲಿ ಕಲಿತಿದ್ದಾರೆ. ಹೊಲದ ಸಾಹುಕಾರರು ಕರೆದರೂ, ಅಂಥ ಬದುವಿಗೆ ನಾನು ಆ ಅವ್ವನನ್ನು ಕೇಳದೆ ಮಷೀನು ಹಚ್ಚುವುದಿಲ್ಲ. ಕೊಯ್ದ ಹುಲ್ಲು ಆಕೆಗೇ ಬಿಡುವುದಾದರೆ ಹಿಡಿಯುತ್ತೇನೆ. ಇದರಿಂದ ಕೆಲವು ಗಿರಾಕಿ ಹೋಗಿದ್ದಾರೆ, ಹೋಗಲಿ.

ಮಷೀನು ಹೊರಗೆ ಬೇವಿನ ಗಿಡದ ಕೆಳಗಿದೆ. ಕಲಿಯುವವರು ಊಟ ಆದ ಮೇಲೆ ಬರ್ರಿ. ಚಪ್ಪಲಿ ಹಾಕಿಕೊಂಡು ಬಂದವರ ಕೈಗೆ ಕೊಡುವುದಿಲ್ಲ, ಬೂಟು ಬೇಕು.