ಬರೆಯದ ಅಳತೆಗೆ ಬಿಲ್ಲಿಲ್ಲ

(ರಬಕವಿಯಲ್ಲಿ ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



'ಕಾಯಕ ಮತ್ತು ಇಂದಿನ ಉದ್ಯೋಗ' ಎಂಬ ವಿಷಯದ ಮೇಲೆ ಮಾತಾಡಿರಿ ಎಂದು ನನಗೆ ಹೇಳಿದ್ದಾರೆ. ನಾನು ವಚನಗಳ ಪಂಡಿತನಲ್ಲ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ಕೆಲಸ ಮಾಡಿ ನಿವೃತ್ತನಾದವನು. ನನಗೆ ತಿಳಿದದ್ದು ಅಳತೆ. ಆದ್ದರಿಂದ ಅಳತೆಯಿಂದಲೇ ಶುರು ಮಾಡುತ್ತೇನೆ.

ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಡೆಯಾಗುವ ಕಾಲಕ್ಕೆ ನಾನು ಇನ್ನೂ ಎಳೆಯ ಇಂಜಿನಿಯರ್. ಮನೆಯ ಗೋಡೆ, ಬಾವಿಯ ಆಳ, ದನದ ಕೊಟ್ಟಿಗೆ, ಬದುವಿನ ಮಾವಿನ ಗಿಡ, ಎಲ್ಲವನ್ನೂ ಅಳೆದು ಎಣಿಸಿ ಬರೆಯುತ್ತಿದ್ದೆವು. ಒಂದು ಹೊಲದಲ್ಲಿ ಗಿಡ ಎಣಿಸುವಾಗ ಅಲ್ಲಿ ದುಡಿಯುತ್ತಿದ್ದ ಆಳುಮಗ ನನ್ನ ಪಕ್ಕ ನಿಂತಿದ್ದ. ಅವನು ಕೇಳಿದ: "ಸಾಹೇಬ್ರ, ಈ ಗಿಡಕ್ಕ ರೊಕ್ಕಾ ಬರತೈತಿ ಅಂತೀರಿ. ಇದಕ್ಕ ಇಪ್ಪತ್ತ ವರ್ಷ ನೀರ ಹಾಕಿದಾಂವ ನಾನ. ನನ್ನ ಅಳತಿ ಎಲ್ಲಿ ಬರದೀರಿ?"

ನಾನು ಉತ್ತರ ಕೊಡಲಿಲ್ಲ. ನನ್ನ ನಮೂನೆಯಲ್ಲಿ ಅವನಿಗೆ ಕಾಲಂ ಇರಲಿಲ್ಲ. ನಮ್ಮ ಇಲಾಖೆಯಲ್ಲಿ ಒಂದು ರೂಢಿಯ ಮಾತಿದೆ: ಅಳತೆ ಪುಸ್ತಕದಲ್ಲಿ ಬರೆಯದ ಕೆಲಸಕ್ಕೆ ಬಿಲ್ಲಾಗುವುದಿಲ್ಲ. ಇಂದು ನಮ್ಮ ನಾಲ್ಕು ತಾಲೂಕುಗಳಲ್ಲಿ ಒಂದು ಕಾರ್ಖಾನೆ ಬಾಗಿಲು ಹಾಕಿದಾಗ, ಒಂದು ಮಗ್ಗ ನಿಂತಾಗ, ನನಗೆ ಆ ಮನುಷ್ಯನ ಮಾತೇ ನೆನಪಾಗುತ್ತದೆ. ಕಟ್ಟಡ, ಯಂತ್ರ, ಜಾಗ ಎಲ್ಲದಕ್ಕೂ ಲೆಕ್ಕವಿರುತ್ತದೆ. ದುಡಿದವನ ವರ್ಷಗಳಿಗೆ ಮಾತ್ರ ಇರುವುದಿಲ್ಲ.

ಮೊದಲು ಸಕ್ಕರೆಯ ಮಾತು. ನಮ್ಮದು ಕಬ್ಬಿನ ಸೀಮೆ. ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿ, ಮುಧೋಳ, ಎತ್ತ ಹೋದರೂ ಚಿಮಣಿ ಕಾಣುತ್ತದೆ. ಇವುಗಳ ನಡುವೆಯೇ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಮಹಾಕವಿ ರನ್ನನ ಹೆಸರು ಹೊತ್ತ ರೈತರ ಸಹಕಾರಿ ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿದ್ದನ್ನೂ ನಾವೇ ನೋಡಿದೆವು. ಸುತ್ತ ಕಬ್ಬಿದೆ, ನದಿಯಲ್ಲಿ ನೀರಿದೆ, ಆದರೂ ಒಂದು ಕಾರ್ಖಾನೆ ನಿಲ್ಲುತ್ತದೆ. ಅಂದರೆ ಕಬ್ಬಿನ ಕೊರತೆಯೊಂದೇ ಕಾರಣವಲ್ಲ.

ಆ ಒಂದು ಕಾರ್ಖಾನೆಯ ಒಳಗಿನ ಲೆಕ್ಕ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಇಂಥ ಕಾರ್ಖಾನೆ ಹೇಗೆ ಸೊರಗುತ್ತದೆ ಎಂಬುದನ್ನು ನೋಡೋಣ. ಹಂಗಾಮು ನಾಲ್ಕೈದು ತಿಂಗಳು. ಸಕ್ಕರೆ ಮಾರಾಟವಾಗುವುದು ವರ್ಷವಿಡೀ. ನಡುವೆ ಗೋದಾಮಿನ ಸಕ್ಕರೆ ಅಡವಿಟ್ಟು ಬ್ಯಾಂಕಿನಿಂದ ಸಾಲ ತರಬೇಕು. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ಎಫ್‌ಆರ್‌ಪಿ 2019-20ರಲ್ಲಿ ಕ್ವಿಂಟಲಿಗೆ 275 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ರೈತನ ಖರ್ಚು ಏರಿದೆ, ಆ ದರ ಏರಲೇಬೇಕು. ಆದರೆ ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದ ಮೇಲೆ ವರ್ಷಗಟ್ಟಲೆ ಅದು ಅಲ್ಲೇ ನಿಂತಿತು. ವಿದ್ಯುತ್ತು, ಎಥೆನಾಲ್ ಎಂದು ನಾಲ್ಕು ಕಡೆಯಿಂದ ಆದಾಯ ಇರುವ ದೊಡ್ಡ ಕಾರ್ಖಾನೆ ಇದನ್ನು ತಾಳಿಕೊಳ್ಳುತ್ತದೆ. ಬರಿಯ ಸಕ್ಕರೆ ನಂಬಿದ ಹಳೆಯ ಸಣ್ಣ ಕಾರ್ಖಾನೆ ಸಾಲ ತೀರಿಸಲು ಸಾಲ ಮಾಡುತ್ತದೆ.

ಹಣ ಕಡಿಮೆ ಬಿದ್ದಾಗ ಯಾರದು ಮೊದಲು ನಿಲ್ಲುತ್ತದೆ? ಬ್ಯಾಂಕಿನ ಹತ್ತಿರ ಅಡವಿನ ಪತ್ರವಿದೆ. ರೈತನ ಕಬ್ಬಿನ ಬಿಲ್ಲು 14 ದಿನದಲ್ಲಿ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಅದೂ ಸುಲಭವಾಗಿ ಸಿಗುವುದಿಲ್ಲ, ರಸ್ತೆಗೆ ಇಳಿಯಬೇಕಾಗುತ್ತದೆ, ನಿಜ. ಆದರೆ ಬರುವ ವರ್ಷ ಅವನು ಕಬ್ಬನ್ನು ಬೇರೆ ಕಾರ್ಖಾನೆಗೆ ಸಾಗಿಸಬಹುದು. ಐವತ್ತು ದಾಟಿದ ಪ್ಯಾನ್‌ಮನ್, ಫಿಟ್ಟರ್, ಬಾಯ್ಲರ್ ನೋಡುವವನು ತನ್ನ ಮೂವತ್ತು ವರ್ಷದ ಸೇವೆಯನ್ನು ಯಾವ ಗಾಡಿಯಲ್ಲಿ ಸಾಗಿಸಬೇಕು? ಅವನದೇ ಮೊದಲು ನಿಲ್ಲುತ್ತದೆ.

ಕಟ್ಟಡ ಕುಸಿಯುವ ಮೊದಲು ಬಿರುಕು ಕಾಣಿಸುತ್ತದೆ. ಕಾರ್ಖಾನೆಗೂ ಬಿರುಕು ಇದೆ. ಪಗಾರ ತಡವಾಗುವುದು ಎರಡನೆಯ ಬಿರುಕು. ಮೊದಲನೆಯದು ಕಾಣುವುದಿಲ್ಲ: ಪಗಾರದಲ್ಲಿ ಪಿಎಫ್ ಹಿಡಿಯುತ್ತಾರೆ, ಭವಿಷ್ಯ ನಿಧಿಗೆ ಕಟ್ಟುವುದಿಲ್ಲ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಹಣವದು. ಅದು ಕಾರ್ಖಾನೆಯ ಹಣವಲ್ಲ, ಕಾರ್ಮಿಕನದು. ಹಿಡಿದು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧ ಎಂದೇ ಕಾನೂನು ಹೇಳುತ್ತದೆ.

ಈಗ ನನ್ನ ತಪ್ಪನ್ನೂ ಹೇಳಬೇಕು. ಈ ತಾಲೂಕುಗಳ ಹೊರಗಿನ ಒಂದು ಸಹಕಾರಿ ಸಂಸ್ಥೆಯಲ್ಲಿ ನಮ್ಮ ಮನೆತನದ ಷೇರು ಇತ್ತು. ಹೆಸರು ಬೇಡ. ರಜೆ ಹಾಕಿ ವಾರ್ಷಿಕ ಸಭೆಗೆ ಹೋಗುತ್ತಿದ್ದೆ. ಷೇರುದಾರರಿಗೆ ಕೊಡುವ ರಿಯಾಯಿತಿಯ ಮಾತು ಬಂದಾಗ ಎಲ್ಲರ ಜೊತೆ ಚಪ್ಪಾಳೆ ಹೊಡೆದೆ. ಜಮಾ-ಖರ್ಚಿನ ಪತ್ರಿಕೆ ಕೈಯಲ್ಲಿತ್ತು. 'ಕೊಡತಕ್ಕ ಬಾಕಿ' ಎಂಬ ಸಾಲಿನಲ್ಲಿ ಪಿಎಫ್ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅಣೆಕಟ್ಟಿನ ಅಂದಾಜುಪಟ್ಟಿಯಲ್ಲಿ ಒಂದು ಚೀಲ ಸಿಮೆಂಟು ಹೆಚ್ಚಾದರೆ ಹಿಡಿಯುವ ನಾನು ಆ ಸಾಲನ್ನು ನೋಡಿಯೂ ಎದ್ದು ಕೇಳಲಿಲ್ಲ. ಸಂಸ್ಥೆ ಮುಚ್ಚಿದ ಮೇಲೆ ಅಲ್ಲಿನ ಕಾವಲುಗಾರನೊಬ್ಬ ಜಾತ್ರೆಯಲ್ಲಿ ಸಿಕ್ಕ. ಮಗಳ ಮದುವೆಗೆ ಪಿಎಫ್ ತೆಗೆಯಲು ಹೋಗಿದ್ದನಂತೆ. "ಖಾತೇದಾಗ ಆರು ವರ್ಷದ್ದ ಇಲ್ರೀ ಸಾಹೇಬ್ರ" ಎಂದ. ಆ ಆರು ವರ್ಷದ ಸಭೆಗಳಲ್ಲಿ ನಾನೂ ಕುಳಿತಿದ್ದೆ, ಊಟ ಮಾಡಿ ಬಂದಿದ್ದೆ.

ಇನ್ನು ರಬಕವಿ-ಬನಹಟ್ಟಿಯ ಮಗ್ಗದ ಮಾತು. ಕಾರ್ಖಾನೆ ಮುಚ್ಚಿದರೆ ಗೇಟಿಗೆ ಬೀಗ ಕಾಣುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಮಗ್ಗ ನಿಂತರೆ ಓಣಿಯಲ್ಲಿ ಸಪ್ಪಳ ಕಡಿಮೆಯಾಗುತ್ತದೆ, ಅಷ್ಟೇ. ನೂಲಿನ ದರ ಏರಿದಾಗ, ಸೀರೆ ಮಾರಾಟವಾಗದೆ ಉಳಿದಾಗ, 2020ರ ಲಾಕ್‌ಡೌನಿನಲ್ಲಿ, ಹೀಗೆ ಒಂದೊಂದೇ ಮಗ್ಗ ನಿಂತವು. ಮಗ್ಗವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ ಮನೆಗೆ ನಾನು ಹೋಗಿದ್ದೇನೆ. ಆ ಮನೆಯ ತಾಯಿ ಕಂಡಿಕೆ ಸುತ್ತುವ ರಾಟಿಯನ್ನು ಮಾತ್ರ ಕೊಟ್ಟಿರಲಿಲ್ಲ.

ಕೈಮಗ್ಗದವರಿಗೆ 1975ರಲ್ಲಿ ಸರ್ಕಾರ ಕೈಮಗ್ಗ ಅಭಿವೃದ್ಧಿ ನಿಗಮವನ್ನು ಮಾಡಿತು. ನಿಗಮ ನೂಲು ಕೊಡುತ್ತದೆ, ನೇಕಾರ ನೇಯ್ದು ಕೊಟ್ಟು ಮಜೂರಿ ಪಡೆಯುತ್ತಾನೆ. ವಿದ್ಯಾವಿಕಾಸ ಯೋಜನೆಯ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯೇ ಅದಕ್ಕೆ ದೊಡ್ಡ ಆಸರೆ. ಆ ಬೇಡಿಕೆ ತಡವಾದರೆ ಮಗ್ಗ ಖಾಲಿ. ವಿದ್ಯುತ್ ಮಗ್ಗದಲ್ಲಿ ಮಾಲೀಕರ ಹತ್ತಿರ ದುಡಿಯುವವನ ಸ್ಥಿತಿ ಇನ್ನೂ ಕಷ್ಟ. ಸೀರೆಯ ಲೆಕ್ಕದಲ್ಲಿ ಮಜೂರಿ. ಹಾಜರಿ ಪುಸ್ತಕವಿಲ್ಲ, ಪಗಾರದ ಚೀಟಿಯಿಲ್ಲ. ಮಾಲೀಕನೂ ಅನೇಕ ಸಲ ಸಾಲಗಾರನೇ. ಅಲ್ಲಿ ಮುಚ್ಚುವಿಕೆ ಎಂದರೆ "ನಾಳಿಂದ ಬರಬ್ಯಾಡಪಾ" ಎಂಬ ಒಂದು ಮಾತು.

ಕಾನೂನು ಏನೂ ಕೊಡುವುದಿಲ್ಲವೆಂದಲ್ಲ. ಕಾರ್ಖಾನೆ ಮುಚ್ಚಿದರೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ ಎಂಬುದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ ಬಂದ ತತ್ವ. ಐದು ವರ್ಷ ಸೇವೆ ಮಾಡಿದವನಿಗೆ ಗ್ರಾಚ್ಯುಯಿಟಿ ಬೇರೆ, ಅದೂ ವರ್ಷಕ್ಕೆ 15 ದಿನದ ಲೆಕ್ಕ. ಖಾಸಗಿ ಕಂಪನಿ ದಿವಾಳಿಯಾಗಿ ಆಸ್ತಿ ಮಾರಾಟಕ್ಕೆ ಬಂದರೆ, 2016ರ ದಿವಾಳಿ ಸಂಹಿತೆಯಂತೆ ಕಾರ್ಮಿಕರ 24 ತಿಂಗಳ ಬಾಕಿ, ಅಡವು ಹಿಡಿದ ಬ್ಯಾಂಕಿನ ಸರಿಸಮ ಸಾಲಿನಲ್ಲಿ ನಿಲ್ಲುತ್ತದೆ. ಸಹಕಾರಿ ಸಂಸ್ಥೆಗೆ ದಾರಿ ಬೇರೆ. ಅಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನೇಮಕವಾಗುವ ಸಮಾಪನಾಧಿಕಾರಿಯ ಮುಂದೆ ಬಾಕಿ ಕೇಳಬೇಕು. ಇವೆಲ್ಲಕ್ಕೂ ಒಂದೇ ಬಾಗಿಲು: ದುಡಿದದ್ದಕ್ಕೆ ದಾಖಲೆ ತೋರಿಸಬೇಕು. ಮತ್ತೆ ಅದೇ ಮಾತು, ಬರೆಯದ ಅಳತೆಗೆ ಬಿಲ್ಲಿಲ್ಲ.

ಶರಣ ಬಂಧುಗಳೇ, ಕಾಯಕದ ಬಗ್ಗೆ ನಾವು ಭಾಷಣ ಮಾಡುವಾಗ ದುಡಿಯುವವನಿಗೆ ಬುದ್ಧಿ ಹೇಳುತ್ತೇವೆ. ನಿಷ್ಠೆಯಿಂದ ದುಡಿ, ಹೆಚ್ಚು ಆಸೆ ಬೇಡ ಎನ್ನುತ್ತೇವೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ಬಡವನಿಗೇ ಹೇಳುತ್ತೇವೆ. ಆ ತಾಯಿಯ ಮಾತು ಮಾಲೀಕನಿಗೂ, ನಿರ್ದೇಶಕನಿಗೂ ಸಲ್ಲುತ್ತದೆ. ಕಾರ್ಮಿಕನ ಪಗಾರ ಹಿಡಿದಿಟ್ಟುಕೊಂಡ ಮನೆಯಲ್ಲಿರುವುದೂ ಹೆಚ್ಚಿನ ಅಕ್ಕಿಯೇ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಬೇರೆಯವರ ಹಣ ಕೈಯಲ್ಲಿದ್ದಾಗ ಹೇಗಿರಬೇಕೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ.

ಅಪ್ಪಗಳ ಕ್ಷಮೆ ಕೇಳಿ ಮಠಗಳಿಗೂ ಎರಡು ಮಾತು ವಿನಂತಿಸುತ್ತೇನೆ. ಕೆಲಸ ಕಳೆದುಕೊಂಡವರು ಬಂದರೆ ನಮ್ಮ ಮಠಗಳು ಪ್ರಸಾದ ಕೊಡುತ್ತವೆ, ಮಕ್ಕಳನ್ನು ಪ್ರಸಾದ ನಿಲಯದಲ್ಲಿ ಇಟ್ಟುಕೊಳ್ಳುತ್ತವೆ. ಅದು ದೊಡ್ಡದು. ಆದರೆ ಬಾಕಿ ಪಗಾರ ದಾಸೋಹವಲ್ಲ, ಅದು ಹಕ್ಕು. ಪ್ರಸಾದ ಕೊಟ್ಟು ಹಕ್ಕನ್ನು ಮರೆಸಬಾರದು. ಸಿಬ್ಬಂದಿಯ ಬಾಕಿ ಉಳಿಸಿಕೊಂಡವರು ಜಾತ್ರೆಗೆ ದೇಣಿಗೆ ತಂದರೆ, ಮೊದಲು ಬಾಕಿ ತೀರಿಸಿ ಬಾ ಎಂದು ಹೇಳುವ ಧೈರ್ಯ ಪೀಠಕ್ಕೆ ಇರಲಿ. ಮಠದ ಶಾಲೆ, ಕಾಲೇಜು, ಆಸ್ಪತ್ರೆಗಳ ಸಿಬ್ಬಂದಿಯ ಪಿಎಫ್ ಲೆಕ್ಕವೂ ಚೊಕ್ಕಟವಾಗಿರಲಿ. ಇಲ್ಲದಿದ್ದರೆ ಬೇರೆಯವರನ್ನು ಕೇಳಲು ನಮಗೆ ಬಾಯಿ ಇರುವುದಿಲ್ಲ.

ಎರಡನೆಯದು ಸಣ್ಣ ಕೆಲಸ. ಪ್ರತಿ ಅಮಾವಾಸ್ಯೆಗೆ ಮಠಕ್ಕೆ ಜನ ಬರುತ್ತಾರೆ. ಅಂದು ಒಂದು ಮೇಜು, ಎರಡು ಕುರ್ಚಿ ಹಾಕೋಣ. ನಮ್ಮಂಥ ನಿವೃತ್ತರು ಕೂರುತ್ತೇವೆ. ಕಾರ್ಮಿಕನ ಯುಎಎನ್ ಸಂಖ್ಯೆಯಿಂದ ಪಿಎಫ್ ಖಾತೆ ತೆಗೆದು, ತಿಂಗಳ ಹಣ ಕಟ್ಟಿದ್ದಾರೋ ಇಲ್ಲವೋ ತೋರಿಸುತ್ತೇವೆ. ನೇಕಾರರ ಗುರುತಿನ ಚೀಟಿ, ಇ-ಶ್ರಮ ನೋಂದಣಿ ಇಲ್ಲದವರ ಅರ್ಜಿ ತುಂಬುತ್ತೇವೆ. ಮಗ್ಗದ ಮನೆಗೆ ಒಂದೊಂದು ನೋಟುಬುಕ್ಕು ಕೊಡೋಣ: ಯಾವ ದಿನ, ಎಷ್ಟು ಸೀರೆ, ಎಷ್ಟು ಮಜೂರಿ ಬಂತು, ಎಷ್ಟು ಉಳಿಯಿತು. ಮಾಲೀಕ ವಾರಕ್ಕೊಮ್ಮೆ ಸಹಿ ಹಾಕಲಿ. ಒಳ್ಳೆಯ ಮಾಲೀಕನಿಗೆ ಸಹಿಯ ಭಯವಿಲ್ಲ.

ಇದರಿಂದ ಮುಚ್ಚುವ ಕಾರ್ಖಾನೆ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವು ಉಳಿಯುವುದಿಲ್ಲ. ನದಿಗೆ ಕಟ್ಟೆ ಹಾಕಿದಾಗ ಕೆಲವು ಊರು ಮುಳುಗುವಂತೆ, ಕಾಲ ಬದಲಾದಾಗ ಕೆಲವು ಉದ್ಯೋಗ ಮುಳುಗುತ್ತವೆ. ಆದರೆ ಊರು ಮುಳುಗುವ ಮೊದಲು ನಾವು ಮನೆ ಮನೆ ಅಳೆದೆವು. ಕಾರ್ಖಾನೆ ಮುಳುಗುವ ಮೊದಲು ಮನುಷ್ಯನನ್ನೂ ಅಳೆದು ಬರೆಯೋಣ.

ಬೀಳಗಿಯ ಆ ಹೊಲ ಇಂದು ನೀರಿನೊಳಗಿದೆ. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಬರುವ ಅಮಾವಾಸ್ಯೆಯಿಂದ ಈ ಮಠದ ಅಂಗಳದಲ್ಲಿ ಬರೆಯಲು ಕೂರುತ್ತೇನೆ. ಅಪ್ಪಗಳು ಅಪ್ಪಣೆ ಕೊಟ್ಟರೆ ಮೇಜು ನಾನೇ ತರುತ್ತೇನೆ.