ಮೊದಲು ಬಿಡಾರ, ಆಮೇಲೆ ಮನೆ

(ಕೆಲಸಕ್ಕೆಂದು ಮಂಗಳೂರಿಗೆ ಬರುವ ತರುಣರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಬೇಕಾದ ವಿಷಯವನ್ನು ಕೇಳಿ ಕೆಲವರು ನಕ್ಕರು. ಬಾಡಿಗೆ ಮನೆ ಸಿಗುವ ತನಕ ಯಾವ ಲಾಡ್ಜಿನಲ್ಲಿ ಇಳಿದುಕೊಳ್ಳಬೇಕು ಎಂಬುದು ಭಾಷಣಕ್ಕೆ ತಕ್ಕ ವಿಷಯವೇ ಎಂದು ಅವರ ಪ್ರಶ್ನೆ. ನಗುವವರು ಸ್ವಂತ ಮನೆಯಲ್ಲಿ ಮಲಗುವವರು. ಸುಳ್ಯದಿಂದಲೋ ಬೆಳ್ತಂಗಡಿಯಿಂದಲೋ ಹುಬ್ಬಳ್ಳಿಯ ಕಡೆಯಿಂದಲೋ ಒಂದು ಚೀಲ ಹಿಡಿದು ಮುಂಜಾನೆ ಬಸ್ಸಿನಿಂದ ಇಳಿಯುವವನಿಗೆ ಇದು ಸಣ್ಣ ವಿಷಯವಲ್ಲ. ಅವನ ಮುಂದಿನ ಒಂದು ವರ್ಷದ ಸುಖದುಃಖ ಆ ಮೊದಲ ಹತ್ತು ದಿನದಲ್ಲಿ ನಿರ್ಧಾರವಾಗುತ್ತದೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮಲ್ಲಿ ಹೋಟೆಲೆಂದರೆ ಊಟ ತಿಂಡಿಯ ಜಾಗ. ಮಲಗುವುದಕ್ಕೆ ಲಾಡ್ಜು. ಬಾಡಿಗೆಗೆ ಹಿಡಿದು ಸಂಸಾರ ಹೂಡಿದ ಜಾಗಕ್ಕೆ ಈ ಕರಾವಳಿಯಲ್ಲಿ ಬಿಡಾರ ಎನ್ನುತ್ತೇವೆ. ಲಾಡ್ಜೂ ಒಂದು ಬಿಡಾರವೇ. ನಾಲ್ಕು ದಿನದ್ದು, ಅಷ್ಟೇ. ಈ ನಾಲ್ಕು ದಿನದ ಬಿಡಾರ ಕೆಟ್ಟರೆ ವರ್ಷದ ಬಿಡಾರವೂ ಕೆಡುತ್ತದೆ. ಅದು ಹೇಗೆಂದು ನಮ್ಮ ಅನುಭವದಿಂದಲೇ ಹೇಳುತ್ತೇವೆ.

2018ರ ಏಪ್ರಿಲಿನಲ್ಲಿ ಸುರತ್ಕಲ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನಮಗೆ ಮಾಸ್ತರಿಕೆ ಸಿಕ್ಕಿತು. ಮನೆಯವರನ್ನು ಊರಿನಲ್ಲೇ ಬಿಟ್ಟು ಮನೆ ಹುಡುಕಲು ಬಂದೆವು. ಪೇಟೆಯ ಮಧ್ಯೆ ಇದ್ದರೆ ಅನುಕೂಲ ಎಂದು ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಲಾಡ್ಜು ಹಿಡಿದೆವು. ಕೈಯಲ್ಲಿ 36,000 ರೂಪಾಯಿ. ಮನೆಯ ಅಡ್ವಾನ್ಸಿಗೆಂದು ಕೂಡಿಟ್ಟದ್ದು. ಕೋಣೆಗೆ ದಿನಕ್ಕೆ 700, ಊಟ ತಿಂಡಿ ಬಸ್ಸು ಆಟೋ ಸೇರಿ 400. ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಕೂಳೂರು ಸೇತುವೆ ದಾಟಿ ಸುರತ್ಕಲ್ಲಿಗೆ ಹೋಗುವುದು, ಒಂದೆರಡು ಮನೆ ನೋಡುವುದು, ಬಿಸಿಲಿಗೆ ಬೆಂದು ಹಿಂದಿರುಗುವುದು. ಸಂಜೆ ಯಾರಾದರೂ ಫೋನು ಮಾಡಿ 'ಈಗ ಬನ್ನಿ, ಯಜಮಾನರು ಮನೆಯಲ್ಲಿದ್ದಾರೆ' ಎಂದರೆ ನಾವು ಹೋಗಿ ಮುಟ್ಟುವಾಗ ಮನೆ ಬೇರೆಯವರಿಗೆ ಆಗಿರುತ್ತಿತ್ತು. ಒಂಬತ್ತು ದಿನದಲ್ಲಿ 9,900 ರೂಪಾಯಿ ಕರಗಿತು. ಹತ್ತನೆಯ ದಿನ ಬೆಳಿಗ್ಗೆ ಕೊಟ್ಟಾರ ಚೌಕಿಯ ತಗ್ಗಿನಲ್ಲಿ ಒಂದು ಮನೆ ನೋಡಿದೆವು. ಬಾಡಿಗೆ 5,000, ಅಡ್ವಾನ್ಸು 25,000. ಗೋಡೆಯಲ್ಲಿ ಮೊಳಕಾಲೆತ್ತರಕ್ಕೆ ಒಂದು ಕಂದು ಗೆರೆ ಇತ್ತು. ಅದೇನೆಂದು ಕೇಳಲಿಲ್ಲ. ಕೇಳಿ 'ಬೇಡ' ಎಂದರೆ ಮತ್ತೆ ಲಾಡ್ಜಿಗೆ 700 ಕೊಡಬೇಕಲ್ಲ! ಅಂದೇ ಮುಂಗಡ ಕೊಟ್ಟು ಒಪ್ಪಿದೆವು.

ಆ ವರ್ಷ ಮೇ 29ರಂದು ಮಂಗಳೂರಿನಲ್ಲಿ ಎಂಥ ಮಳೆ ಬಂತೆಂಬುದು ನಿಮಗೆಲ್ಲ ನೆನಪಿರಬಹುದು. ಕೊಟ್ಟಾರ ಚೌಕಿ ಕೆರೆಯಾಯಿತು. ನಮ್ಮ ಅಕ್ಕಿಡಬ್ಬ ತೇಲಿತು. ಹಾಸಿಗೆ, ಪುಸ್ತಕ, ಮಗುವಿನ ಹೊಸ ಸಮವಸ್ತ್ರ ಎಲ್ಲ ಚರಂಡಿ ನೀರಿನಲ್ಲಿ ನೆನೆಯಿತು. ಗೋಡೆಯ ಗೆರೆ ಏನೆಂದು ಆಗ ತಿಳಿಯಿತು.

ಸಂಗಾತಿಗಳೇ, ಆ ಮನೆಯನ್ನು ಆರಿಸಿದವರು ನಾವಲ್ಲ. ಲಾಡ್ಜಿನ ಬಿಲ್ಲು ಆರಿಸಿತು. ಅವಸರದಲ್ಲಿರುವ ಬಡವನ ಎದುರು ಮನೆಯೊಡೆಯ ಚೌಕಾಸಿ ಮಾಡಬೇಕಾದ್ದೇ ಇಲ್ಲ. ಸುಮ್ಮನೆ ಕುಳಿತರೆ ಸಾಕು. ಆದಕಾರಣ ಲಾಡ್ಜು ಆರಿಸುವಾಗ ನೋಡಬೇಕಾದ್ದು ಮೆತ್ತನೆಯ ಹಾಸಿಗೆಯನ್ನಲ್ಲ, ಟಿ.ವಿ.ಯನ್ನಲ್ಲ. ಇಲ್ಲಿದ್ದುಕೊಂಡು ಎಷ್ಟು ದಿನ 'ಈ ಮನೆ ಬೇಡ' ಎನ್ನಬಲ್ಲೆ ಎಂಬುದನ್ನು ನೋಡಬೇಕು. 'ಬೇಡ' ಎನ್ನುವ ಶಕ್ತಿಯೇ ಬಾಡಿಗೆದಾರನ ಬಂಡವಾಳ.

ಇನ್ನು ಊರಿನ ಆಕಾರ ತಿಳಿಯೋಣ. ಮಂಗಳೂರು ದುಂಡಗಿನ ಊರಲ್ಲ. ಸಮುದ್ರದ ಅಂಚಿಗೆ ಉದ್ದಕ್ಕೆ ಹಾಸಿದ ಚಾಪೆ. ಹಳೆಯ ಪೇಟೆ ಬಂದರು, ರಥಬೀದಿ, ಹಂಪನಕಟ್ಟೆಯ ಸುತ್ತ ಬೆಳೆದದ್ದು. ಬಡಗಿಗೆ ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಮಹಾಬಂದರೆಂದು ಘೋಷಿತವಾಯಿತು. ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕೆಗಳು, ತೈಲ ಶುದ್ಧೀಕರಣ ಎಲ್ಲ ಆ ಕಡೆಗೇ. ತೆಂಕಿಗೆ ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೂ ಆಸ್ಪತ್ರೆಗಳೂ ಬೆಳೆದಿವೆ. ಪೇಟೆಗೂ ಬಡಗಣ ಕೆಲಸಕ್ಕೂ ನಡುವೆ ಫಲ್ಗುಣಿ ಹೊಳೆ. ಪೇಟೆಗೂ ತೆಂಕಣ ಕೆಲಸಕ್ಕೂ ನಡುವೆ ನೇತ್ರಾವತಿ. ಹೆದ್ದಾರಿಯ ಲಾರಿ, ಟ್ಯಾಂಕರು, ಬಸ್ಸು ಎಲ್ಲವೂ ಅತ್ತ ಕೂಳೂರಿನಲ್ಲಿ, ಇತ್ತ ಜೆಪ್ಪಿನಮೊಗರು–ತೊಕ್ಕೊಟ್ಟಿನ ನಡುವೆ ಸೇತುವೆಗೆ ಬಂದು ಸೇರಬೇಕು. ಸೇತುವೆಯ ಬಾಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಿಮ್ಮ ಅರ್ಧ ದಿನ ಹೋಯಿತು.

ಆದ್ದರಿಂದ ನಮ್ಮ ಮೊದಲನೆಯ ಮಾತು: ಕೆಲಸ ಹೊಳೆಯ ಯಾವ ದಡದಲ್ಲಿದೆಯೋ ಆ ದಡದಲ್ಲೇ ಇಳಿದುಕೊಳ್ಳಿ. ಬೈಕಂಪಾಡಿಯಲ್ಲಿ ಕೆಲಸವಿದ್ದವನಿಗೆ ಸುರತ್ಕಲ್ ಲೇಸು. ದೇರಳಕಟ್ಟೆಯ ಆಸ್ಪತ್ರೆಗೆ ಬರುವ ದಾದಿಗೆ ತೊಕ್ಕೊಟ್ಟು ಲೇಸು. ಬಟ್ಟೆಯಂಗಡಿ, ಕಚೇರಿ, ಕೋರ್ಟಿನ ಕೆಲಸದವರು ಪೇಟೆಯಲ್ಲೇ ಇರಲಿ. ಕೆಲಸ ಇನ್ನೂ ಗೊತ್ತಾಗದವರೂ ಪೇಟೆಯಲ್ಲೇ ಇಳಿಯಬೇಕು, ಏಕೆಂದರೆ ನಗರದ ಬಹುತೇಕ ಬಸ್ಸುಗಳು ಸ್ಟೇಟ್ ಬ್ಯಾಂಕಿಗೆ ಬಂದು ತಿರುಗುತ್ತವೆ. ಹೊಸಬರು ಈ ಹೆಸರು ಕೇಳಿ ಗಾಬರಿಯಾಗಬೇಡಿ. ಕಂಡಕ್ಟರು 'ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್' ಎಂದು ಕೂಗುವುದು ಬಸ್‌ನಿಲ್ದಾಣಕ್ಕೆ. ಖಾತೆಯಲ್ಲಿ ದುಡ್ಡಿಲ್ಲದವರೂ ಅಲ್ಲಿ ಇಳಿಯಬಹುದು!

ದೂರದ ಸರ್ಕಾರಿ ಬಸ್ಸು ನಿಲ್ಲುವುದು ಮಾತ್ರ ಬಿಜೈಯಲ್ಲಿ. ರೈಲ್ವೆ ಸ್ಟೇಷನ್ನೂ ಎರಡಿವೆ: ಪೇಟೆಯ ಮಗ್ಗುಲಲ್ಲಿ ಸೆಂಟ್ರಲ್, ಪಡೀಲಿನಲ್ಲಿ ಜಂಕ್ಷನ್. ಟಿಕೇಟಿನಲ್ಲಿ ಯಾವುದಿದೆ ಎಂದು ನೋಡದೆ ರಾತ್ರಿ ಇಳಿದರೆ ಮೊದಲ ದಂಡ ಆಟೋಕ್ಕೆ. ಬಸ್ಸಿನ ಖರ್ಚನ್ನು ಹೆಂಗಸರೂ ಲೆಕ್ಕ ಹಾಕಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ಈ ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು.

ಎರಡನೆಯ ಮಾತು ಲಾಡ್ಜಿನ ಲೆಕ್ಕ. ಕೋಣೆಯ ದರ ಕೇಳಿದರೆ ಸಾಲದು. ದಿನವೆಂದರೆ ಏನೆಂದು ಕೇಳಬೇಕು. ಕೆಲವು ಕಡೆ ಇಳಿದ ಹೊತ್ತಿನಿಂದ 24 ಗಂಟೆ. ಕೆಲವು ಕಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯಿತು. ಬೆಂಗಳೂರಿನ ರಾತ್ರಿ ಬಸ್ಸು ಮುಂಜಾನೆ ಮುಟ್ಟುತ್ತದೆ. ಆರು ಗಂಟೆಗೆ ಕೋಣೆ ಹಿಡಿದರೆ, 12ರ ಲೆಕ್ಕದಲ್ಲಿ ಆರೇ ಗಂಟೆಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ತೆರಿಗೆ ಸೇರಿತೋ ಇಲ್ಲವೋ ಅದನ್ನೂ ಕೇಳಿ. ದಿನಕ್ಕೆ 1000 ರೂಪಾಯಿಯೊಳಗಿನ ಕೋಣೆಗೆ ಮೊದಲು ಜಿ.ಎಸ್.ಟಿ. ಇರಲಿಲ್ಲ. 2022ರ ಜುಲೈ 18ರಿಂದ ಬಡವನ ಕೋಣೆಗೂ ನೂರಕ್ಕೆ 12ರಂತೆ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿಯಿತು. ಹತ್ತು ದಿನಕ್ಕಿಂತ ಹೆಚ್ಚು ಬೇಕೆಂದು ಕಂಡರೆ ಲಾಡ್ಜು ಬಿಟ್ಟು ಒಂದು ತಿಂಗಳಿಗೆ ಪಿ.ಜಿ. ಹಿಡಿಯುವುದು ಹಲವು ವೇಳೆ ಅಗ್ಗವಾಗುತ್ತದೆ. ಒಂಟಿಯಾಗಿ ಬರುವ ಹೆಣ್ಣುಮಕ್ಕಳು ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳಲ್ಲಿ ಮೊದಲೇ ವಿಚಾರಿಸಿ ಬರುವುದು ಒಳ್ಳೆಯದು.

ಮೂರನೆಯ ಮಾತು: ದಿನಗಳನ್ನು ಎರಡು ಪಾಲು ಮಾಡಿ. ಮೊದಲ ಎರಡು ಮೂರು ದಿನ ಬಸ್ಸಿನಲ್ಲಿ ಸುತ್ತಿ ಕೇರಿ ಯಾವುದೆಂದು ಗೊತ್ತುಮಾಡಿಕೊಳ್ಳಿ. ಆಮೇಲೆ ಚೀಲ ಎತ್ತಿಕೊಂಡು ಆ ಕೇರಿಯ ಹತ್ತಿರವೇ ಹೋಗಿ ಇಳಿಯಿರಿ. ಕೇರಿಯಲ್ಲಿ ಇದ್ದವನಿಗೆ ಹಾಲಿನವನು, ಚಹಾದಂಗಡಿಯವನು, ರಿಕ್ಷಾ ಸ್ಟ್ಯಾಂಡಿನವರು ಹೇಳುವ ಸುದ್ದಿ ದಲ್ಲಾಳಿ ಹೇಳುವುದಿಲ್ಲ. ದಲ್ಲಾಳಿ ಒಂದು ತಿಂಗಳ ಬಾಡಿಗೆ ಕೇಳುವುದು ರೂಢಿ. ಚಹಾದಂಗಡಿಯಲ್ಲಿ ಒಂದು ಚಹಾದ ದುಡ್ಡು. ಮನೆಯನ್ನು ಹಗಲು ನೋಡಿದರೆ ಸಾಲದು, ರಾತ್ರಿಯೂ ನೋಡಿ. ಮಳೆಗಾಲವಾದರೆ ಮಳೆ ಹೊಯ್ಯುವಾಗಲೇ ಹೋಗಿ. ಬೇಸಿಗೆಯಾದರೆ ಬಾವಿಯ ನೀರು ಕುಡಿದು ನೋಡಿ. ಸಮುದ್ರ ಹತ್ತಿರವಿದ್ದಲ್ಲಿ ಉಪ್ಪು ತಟ್ಟಬಹುದು. ಈ ನಗರಕ್ಕೆ ನಳ್ಳಿ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2016ರಲ್ಲೂ 2019ರಲ್ಲೂ ಬೇಸಿಗೆಯಲ್ಲಿ ಹೊಳೆ ಬತ್ತಿ ನೀರನ್ನು ಪಾಳಿಯ ಮೇಲೆ ಬಿಟ್ಟರು. ಆಗ ಬಾವಿಯಿದ್ದ ಮನೆಯವರು ಬದುಕಿದರು. ಗೋಡೆಯಲ್ಲಿ ಗೆರೆ ಕಂಡರೆ ಮಾತ್ರ ದಯವಿಟ್ಟು ಕೇಳಿ!

ಕರಾರಿನ ಬಗ್ಗೆ ಒಂದೇ ಮಾತು. ಹನ್ನೊಂದು ತಿಂಗಳಿಗೆ ಬರೆಯುವುದೇಕೆಂದರೆ, ಒಂದು ವರ್ಷ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಹನ್ನೊಂದೇ ತಿಂಗಳಾದರೂ ಸರಿ, ಅಡ್ವಾನ್ಸಿನ ಮೊತ್ತ, ಅದನ್ನು ಹಿಂದೆ ಕೊಡುವ ದಿನ ಎರಡೂ ಕಾಗದದಲ್ಲಿ ಇರಲಿ.

ಕೊನೆಗೆ, ಎಲ್ಲರೂ ಬಲ್ಲ ಆದರೆ ಯಾರೂ ಎತ್ತದ ವಿಷಯ. ಬಾಗಿಲು ತಟ್ಟಿದಾಗ 'ನಿಮ್ಮದು ಯಾವ ಜನ?' ಎಂದು ಕೇಳುತ್ತಾರೆ. 'ಮೀನು ತಿನ್ನುತ್ತೀರಾ?' ಎಂದು ಕೇಳುತ್ತಾರೆ. ಮೀನಿನ ಊರಿನಲ್ಲಿ ಮೀನು ತಿಂದವನಿಗೆ ಮನೆಯಿಲ್ಲ! ನಮಗೂ ಎರಡು ಕಡೆ ಹಾಗೆಯೇ ಬಾಗಿಲು ಮುಚ್ಚಿತು. ಹಿಂದೆ ಹಳ್ಳಿಯಿಂದ ಓದಲು ಬಂದ ಮಕ್ಕಳಿಗೆ ತಂಗಲು ಜಾಗವಿಲ್ಲದೆ ಒಂದೊಂದು ಸಮಾಜದವರು ಒಂದೊಂದು ವಿದ್ಯಾರ್ಥಿನಿಲಯ ಕಟ್ಟಿದರು. ಬಂಟ್ಸ್ ಹಾಸ್ಟೆಲ್ ಎಂಬುದು ಇಂದು ಒಂದು ವೃತ್ತದ ಹೆಸರೇ ಆಗಿದೆ. ಅವರು ಮಾಡಿದ್ದು ಉಪಕಾರವೇ ಸರಿ. ಆದರೆ ಬೆನ್ನ ಹಿಂದೆ ಯಾವ ಸಮಾಜದ ಕಟ್ಟಡವೂ ಇಲ್ಲದವನು ಎಲ್ಲಿಗೆ ಹೋಗಬೇಕು? 1897ರಲ್ಲಿ ಇದೇ ಊರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರ ಹೆಸರು ನಮ್ಮ ಪುರಭವನದ ಮೇಲಿದೆ. ಹೆಸರು ಗೋಡೆಯ ಮೇಲಿದ್ದರೆ ಸಾಲದು, ಬಾಗಿಲೂ ತೆರೆಯಬೇಕು. ಇದೇ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಸಮಾಜವಾದಿ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶವಿಭಜನೆಯ ನಿರಾಶ್ರಿತರಿಗಾಗಿ ಸಹಕಾರದ ದಾರಿಯಲ್ಲಿ ಫರೀದಾಬಾದಿನ ವಸತಿ ಕಟ್ಟುವ ಕೆಲಸಕ್ಕೆ ಕೈಹಾಕಿದರು. ಅಷ್ಟು ದೊಡ್ಡ ಕೆಲಸವನ್ನು ನಾವು ಕೇಳುತ್ತಿಲ್ಲ. ಹೊಸದಾಗಿ ಬಂದ ಕೆಲಸಗಾರ ಹತ್ತು ದಿನ ಕಡಿಮೆ ದರದಲ್ಲಿ, ಜಾತಿ ಹೇಳದೆ, ತಂಗುವ ಒಂದು ಮನೆಯನ್ನು ನಗರಪಾಲಿಕೆ ಬಸ್‌ನಿಲ್ದಾಣದ ಹತ್ತಿರ ನಡೆಸಲಿ ಎಂದು ಕೇಳುತ್ತೇವೆ.

ಅದು ಆಗುವ ತನಕ ಇಲ್ಲಿ ನೆಲೆಯಾದ ನಾವು ಸುಮ್ಮನಿರಬೇಕೇ? ನಿಮ್ಮ ನಿಮ್ಮ ಕೇರಿಯಲ್ಲಿ ಖಾಲಿಯಾದ ಮನೆಗಳ ಪಟ್ಟಿ ಇಟ್ಟುಕೊಳ್ಳಿ. ಎಲ್ಲಿ ನೀರು ನುಗ್ಗುತ್ತದೆ, ಎಲ್ಲಿ ಬಾವಿ ಬತ್ತುತ್ತದೆ ಎಂದು ಬಂದವರಿಗೆ ಹೇಳಿ. ಜಗಲಿಯಿದ್ದವರು ನಾಲ್ಕು ರಾತ್ರಿ ಒಂದು ಚಾಪೆ ಹಾಸಿಕೊಡಿ. ಕೊಟ್ಟಾರ ಚೌಕಿಯ ನೀರಿನಿಂದ ನಮ್ಮನ್ನು ಎಬ್ಬಿಸಿ ಕರೆದೊಯ್ದವರು ಪಕ್ಕದ ಎತ್ತರದ ಓಣಿಯ ಒಬ್ಬ ಬೀಡಿ ಕಟ್ಟುವ ತಾಯಿ. ಅವರು ನಮ್ಮನ್ನು ಯಾವ ಜನವೆಂದು ಕೇಳಲಿಲ್ಲ. ಮಗುವಿಗೆ ಒಣ ಬಟ್ಟೆ ಇದೆಯೇ ಎಂದು ಕೇಳಿದರು.