ಹಡಗಿನ ಹೊತ್ತು, ಒಳನಾಡಿನ ಹೊಣೆ



ಕಡಲಿಲ್ಲದ ಊರಿನಲ್ಲಿ ಹಡಗಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಈ ಬೇತಮಂಗಲದ ಕೆರೆಗೆ ಬರುವ ಪಾಲಾರ್ ಕೊನೆಗೆ ಚೆನ್ನೈಗೆ ದಕ್ಷಿಣದಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮ ಸರಕೂ ಅದೇ ದಿಕ್ಕಿನದು. ಹೊಸಕೋಟೆಯಿಂದ ಶ್ರೀಪೆರಂಬದೂರಿನವರೆಗಿನ 262 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ ಕರ್ನಾಟಕದ ಸುಮಾರು 71 ಕಿ.ಮೀ. ಭಾಗ 2024ರ ಡಿಸೆಂಬರ್‌ನಿಂದ ಓಡಾಟಕ್ಕೆ ತೆರೆದಿದೆ. ವೈಟ್‌ಫೀಲ್ಡ್ ಡಿಪೋದಿಂದ ಚೆನ್ನೈಗೆ ಹೊರಟ ಕಂಟೇನರ್ ರೈಲು ಬಂಗಾರಪೇಟೆ ದಾಟಿಯೇ ಹೋಗಬೇಕು. ರಾಜ್ಯದ ದೊಡ್ಡ ಬಂದರು ಪಣಂಬೂರಿನಲ್ಲಿದೆ, ನಿಜ. ಆದರೆ ಅಲ್ಲಿಗೆ ಹೋಗಲು ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸಿದ ಚಾಲಕರು ಇಲ್ಲಿದ್ದೀರಿ. ಕೋಲಾರ ಜಿಲ್ಲೆಗೆ ಒದಗುವ ಬಂದರು ಯಾವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳನ್ನು, ಅಂದರೆ ಕಂಟೇನರ್‌ಗಳನ್ನು, ಹೊತ್ತು ಅಮೆರಿಕದ ನೂವಾರ್ಕ್ ಬಿಟ್ಟಿತು. ನಮ್ಮ ದೇಶಕ್ಕೆ ಮೊದಲ ಕಂಟೇನರ್ ಹಡಗು ಬಂದದ್ದು 1973ರಲ್ಲಿ, ಕೊಚ್ಚಿಗೆ. ಚೆನ್ನೈನಲ್ಲಿ ಇದಕ್ಕೆಂದೇ ಟರ್ಮಿನಲ್ ಆದದ್ದು 1983ರಲ್ಲಿ. ಆಮೇಲೆ ಹಡಗುಗಳು ಬೆಳೆದ ರೀತಿಯನ್ನು ಸ್ವಲ್ಪ ಗಮನಿಸಿ. 2006ರ ಎಮ್ಮಾ ಮಾರ್ಸ್ಕ್ 397 ಮೀಟರ್ ಉದ್ದವಿತ್ತು. ಇಪ್ಪತ್ತಡಿ ಪೆಟ್ಟಿಗೆಯ ಲೆಕ್ಕದಲ್ಲಿ ಸುಮಾರು 15,000 ಹಿಡಿಯುತ್ತಿತ್ತು. ಈಗಿನ ದೈತ್ಯ ಹಡಗು 24,000 ಹಿಡಿಯುತ್ತದೆ, ಉದ್ದ ಮಾತ್ರ 400 ಮೀಟರ್ ಆಸುಪಾಸು. ಹೊರೆ ಹೆಚ್ಚಿದೆ, ಪಕ್ಕದಲ್ಲಿ ಕ್ರೇನ್ ನಿಲ್ಲಿಸುವ ಜಾಗ ಹೆಚ್ಚಿಲ್ಲ. ಚೆನ್ನೈಗೆ ಬರುವ ಹಡಗುಗಳು ಇಷ್ಟು ದೊಡ್ಡವಲ್ಲ, ಆದರೆ ಅಲ್ಲೂ ಇದೇ ಇಕ್ಕಟ್ಟು.

ಹಾಗಾದರೆ ಕ್ರೇನ್ ಚುರುಕಾಗಲಿ ಎನ್ನುತ್ತೀರಿ. ಎಲ್ಲ ಬಂದರುಗಳೂ ಮೊದಲು ಹಾಗೇ ಅಂದುಕೊಳ್ಳುತ್ತವೆ. ಕೆ.ಜಿ.ಎಫ್.ನ ಗಣಿಯಲ್ಲಿ ದುಡಿದ ಹಿರಿಯರು ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳಬಲ್ಲರು. ವೈಂಡಿಂಗ್ ಎಂಜಿನ್ ಎಷ್ಟೇ ಜೋರಿದ್ದರೂ, ಕೆಳಗೆ ಟ್ರಾಲಿ ಅದಿರು ತಂದು ಸುರಿಯದಿದ್ದರೆ ಅದನ್ನು ಮೇಲೆತ್ತುವ ಸ್ಕಿಪ್ ಸುಮ್ಮನೆ ನಿಂತಿರುತ್ತಿತ್ತು. ಬಂದರಿನ ಕ್ರೇನೂ ಹಾಗೆಯೇ. ಅದು ಕಾಯುವುದು ಯಾರ್ಡಿನಿಂದ ಬರಬೇಕಾದ ಟ್ರೇಲರಿಗಾಗಿ. ಟ್ರೇಲರ್ ಕಾಯುವುದು ಯಾರ್ಡಿನ ಕ್ರೇನಿಗಾಗಿ. ಆ ಕ್ರೇನ್ ಏನು ಮಾಡುತ್ತಿರುತ್ತದೆ? ಐದು ಪೆಟ್ಟಿಗೆಗಳ ಕೆಳಗೆ ಸಿಕ್ಕಿಕೊಂಡ ಒಂದನ್ನು ತೆಗೆಯಲು ಮೇಲಿನ ಐದನ್ನೂ ಪಕ್ಕಕ್ಕೆ ಎತ್ತಿಡುತ್ತಿರುತ್ತದೆ. ಆ ಐದನ್ನು ಎತ್ತಿಟ್ಟದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ, ಅದರಿಂದ ಒಂದು ಪೆಟ್ಟಿಗೆಯೂ ಹಡಗು ಹತ್ತುವುದಿಲ್ಲ.

ಇನ್ನೊಂದು ಲೆಕ್ಕವಿದೆ. 2,000 ಪೆಟ್ಟಿಗೆ ಇಳಿಸಿ ಹತ್ತಿಸಬೇಕು, ನಾಲ್ಕು ಕ್ರೇನ್, ಒಂದೊಂದೂ ಗಂಟೆಗೆ 25 ಎತ್ತುತ್ತದೆ ಎನ್ನಿ. 20 ಗಂಟೆಯಲ್ಲಿ ಹಡಗು ಹೊರಡಬೇಕು. ಆದರೆ ಅದರಲ್ಲಿ 800 ಪೆಟ್ಟಿಗೆಗಳನ್ನು ಹಡಗಿನ ಒಂದೇ ಭಾಗದಲ್ಲಿ, ಒಂದೇ ಕ್ರೇನ್ ಕೆಲಸ ಮಾಡಬಹುದಾದ ಕಡೆ ಜೋಡಿಸಿದ್ದರೆ 32 ಗಂಟೆ ಬೇಕು. ಉಳಿದ ಮೂರು ಕ್ರೇನ್ ಅಷ್ಟು ಹೊತ್ತಿಗೆ ಕೈಕಟ್ಟಿ ಕೂತಿರುತ್ತವೆ. ಈ ತಪ್ಪು ಹಡಗು ಬರ್ತಿಗೆ ಬರುವ ಮೊದಲೇ, ಯೋಜನೆಯ ಹಾಳೆಯ ಮೇಲೆ ಆಗಿಹೋಗಿರುತ್ತದೆ. ಗಂಟೆಗೆ ಎಷ್ಟು ಎತ್ತಿದೆವು ಎಂದು ಬೀಗುವ ಟರ್ಮಿನಲ್‌ಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಡಗು ಹಗ್ಗ ಕಟ್ಟಿದ್ದು ಯಾವಾಗ, ಬಿಚ್ಚಿದ್ದು ಯಾವಾಗ, ಅಷ್ಟು ಹೇಳಲಿ. ಪೈಲಟ್ ಬರಲಿಲ್ಲ, ಪಾಳಿ ಬದಲಾಯಿತು, ಪೆಟ್ಟಿಗೆಗಳ ಲ್ಯಾಶಿಂಗ್ ಕಟ್ಟು ಬಿಚ್ಚುವವರು ಸಾಲಲಿಲ್ಲ, ಎಲ್ಲವೂ ಅದರೊಳಗೆ ಬಂದುಬಿಡುತ್ತದೆ.

ಇಲ್ಲಿಂದ ಮಾತು ನಮ್ಮ ಬಾಗಿಲಿಗೇ ಬರುತ್ತದೆ. 2016ರ ಜುಲೈ 1ರಿಂದ, ತುಂಬಿದ ಕಂಟೇನರಿನ ತೂಕವನ್ನು ಖಚಿತಪಡಿಸಿ ತಿಳಿಸದೆ ಹಡಗಿಗೆ ಹತ್ತಿಸುವಂತಿಲ್ಲ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಅದು. ಇದನ್ನು ಕಾಗದದ ಕಾಟ ಎಂದು ಗೊಣಗುವವರಿದ್ದಾರೆ. ಹಡಗಿನಲ್ಲಿ ಭಾರದ್ದು ಕೆಳಗೆ, ಹಗುರದ್ದು ಮೇಲೆ ಇರಬೇಕು; ಯಾರ್ಡಿನಲ್ಲಿ ಅಟ್ಟಿ ಹಾಕುವುದೂ ಆ ತೂಕ ನೋಡಿಯೇ. ಮಾಲೂರಿನ ಕಾರ್ಖಾನೆಯಲ್ಲಿ ಅಂದಾಜಿಗೆ ಬರೆದ ತೂಕ ಚೆನ್ನೈನಲ್ಲಿ ಇಡೀ ಅಟ್ಟಿಯನ್ನೇ ಕೆಡವಿಸೀತು. ಹಡಗಿಗೆ ಪೆಟ್ಟಿಗೆ ಒಪ್ಪಿಸುವ ಗಡುವು ಮುಗಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಗೇಟಿಗೆ ನುಗ್ಗಿದರೂ ಅದೇ ಪಾಡು. ಬೇಗ ಬಂದವನ ಪೆಟ್ಟಿಗೆ ಅಡಿಗೆ ಬೀಳುತ್ತದೆ, ತಡವಾಗಿ ಬಂದವನದು ಮೇಲೆ ಕೂರುತ್ತದೆ, ಯಾವುದು ಮೊದಲು ಹೋಗಬೇಕೆಂಬುದು ಯಾರಿಗೂ ಬೇಕಿಲ್ಲ.

ಹೊಸ ರಸ್ತೆ ಉಳಿಸಿಕೊಟ್ಟ ಗಂಟೆಗಳನ್ನು ಬಂದರಿನ ಗೇಟಿನ ಸಾಲಿನಲ್ಲಿ ಕಳೆಯುವುದಾದರೆ ಆ ರಸ್ತೆಯಿಂದ ನಮಗೇನು ಬಂತು? ಆ ಸಾಲಿನಲ್ಲಿ ಚಾಲಕ ಕ್ಯಾಬಿನ್ನಿನಲ್ಲೇ ಮಲಗುತ್ತಾನೆ, ಸ್ನಾನಕ್ಕೆ ನೀರಿಲ್ಲ. ಅದಕ್ಕೆ ಹಡಗಿನ ಲೆಕ್ಕದಲ್ಲಿ ಕಾಲಂ ಇಲ್ಲ.

ಈ ಸಮಾವೇಶದ ಮಧ್ಯಾಹ್ನದ ಗೋಷ್ಠಿಯ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಲೋಡ್ ಆದ ಕಾರ್ಖಾನೆಯಲ್ಲೇ ತೂಕ ಹಾಕಿ, ಚೀಟಿ ಸಿಕ್ಕ ಮೇಲೇ ಲಾರಿ ಬಿಡುವುದಾಗಿ ಇಲ್ಲಿರುವ ಕಾರ್ಖಾನೆಯವರು ಒಪ್ಪಲಿ. ಟರ್ಮಿನಲ್‌ಗಳು ಲಾರಿಗೆ ಗೇಟಿನ ಹೊತ್ತನ್ನು ಮೊದಲೇ ಗೊತ್ತುಮಾಡಿ ಕೊಡಲಿ, ತಾವೇ ಅದನ್ನು ತಪ್ಪಿಸಿದರೆ ಕಾದ ಬಾಡಿಗೆ ತೆರಲಿ. ಮತ್ತು ಎಕ್ಸ್‌ಪ್ರೆಸ್‌ವೇಯ ಬೇತಮಂಗಲದ ಆಸುಪಾಸಿನಲ್ಲಿ ಲಾರಿ ನಿಲ್ದಾಣ, ಶೌಚಾಲಯ, ಕ್ಯಾಂಟೀನ್ ಆಗಲಿ. ಗೇಟಿನ ಹೊತ್ತು ಬರುವವರೆಗೆ ನಮ್ಮವರು ಇಲ್ಲೇ ಉಂಡು ಮಲಗಿ ಹೊರಡಲಿ. ಮೂರನೆಯದಕ್ಕೆ ಜಾಗ ತೋರಿಸುವ ಕೆಲಸವನ್ನು ಬೇತಮಂಗಲದ ಪಂಚಾಯಿತಿಯವರು ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.